ಗವ್ರಿಲನ ಪಟ್ಟಿ ಯಾರ ಕೈಯಲ್ಲಿ

ಬಾಗಿಲಿಗೆ ಕರೆಗಂಟೆಯಿತ್ತು. ಆದರೂ ಬಿಲ್ಯಾನಾ ಮುಷ್ಟಿ ಕಟ್ಟಿ ಬಡಿದಳು. ಬಡಿದು ಕಿವಿಗೊಟ್ಟಳು, ಮತ್ತೆ ಬಡಿದಳು. ಮೂರನೆಯ ಮಹಡಿಯ ಕತ್ತಲಲ್ಲಿ ಯಾರ ಮನೆಯದೋ ನಾಯಿ ಬೊಗಳಿತು. ಎದುರುಮನೆಯ ಬಾಗಿಲ ಸಂದಿಯಲ್ಲಿ ಬೆಳಕು ಮೂಡಿ, ತನಗೇಕೆ ಎಂಬಂತೆ ಆರಿಹೋಯಿತು.

ಅವಳ ಎಡಗೈಯಲ್ಲಿದ್ದ ಮೊಬೈಲಿನ ಪರದೆಯ ಮೇಲೆ ಕೆಂಪು ಅಂಕಿಯೊಂದು ಮಿನುಗುತ್ತಿತ್ತು. ಎಂಬತ್ತೊಂದು.

ಚಿಲಕ ಸರಿದ ಸದ್ದಾಯಿತು. ನೆಲಕ್ಕೆ ಬಿದ್ದ ದೇಹವನ್ನು ಕಾಣುವ ಧೈರ್ಯ ತಂದುಕೊಂಡೇ ಅವಳು ಮೆಟ್ಟಿಲು ಹತ್ತಿದ್ದಳು. ಆದರೆ ಬಾಗಿಲು ತೆರೆದವನು ಸ್ವತಃ ಗವ್ರಿಲ್. ಕಾಲಿಗೆ ಉಣ್ಣೆಯ ಚಪ್ಪಲಿ, ಕೈಯಲ್ಲಿ ಫೋರ್ಕು, ಅದರ ತುದಿಯಲ್ಲಿ ಉಪ್ಪುನೀರಿನಲ್ಲಿ ಕಳಿತ ಎಲೆಕೋಸಿನ ಎಸಳು.

"ಏನಮ್ಮ ಡಾಕ್ಟ್ರೇ, ಊರಿಗೇನಾದ್ರೂ ಬೆಂಕಿ ಬಿತ್ತಾ?" ಎಂದ ಅವನು. ಮಾತಿನ ನಡುವೆ ಎಂದಿನಂತೆ ಒಮ್ಮೆ ನಿಂತು ಉಸಿರೆಳೆದುಕೊಂಡ. ಎಂದಿನಂತೆಯೇ, ಅದಕ್ಕಿಂತ ಹೆಚ್ಚೇನಲ್ಲ.

"ಕೈ ತೋರ್ಸಿ."

"ಯಾವ ಕೈ?"

"ಎರಡೂ."

ಗವ್ರಿಲ್ ಫೋರ್ಕನ್ನು ಬಾಯಿಗಿಟ್ಟು ಎಲೆಕೋಸನ್ನು ನಿಧಾನವಾಗಿ ಜಗಿದ. ಅಂಗಿಯ ತೋಳು ಮೇಲೆ ಸರಿಸದೆ ವಿಧಿಯಿರಲಿಲ್ಲ, ಸರಿಸಿದ. ಎರಡೂ ಮಣಿಕಟ್ಟುಗಳು ಬರಿದಾಗಿದ್ದವು.

ಡಾಕ್ಟರ್ ಬಿಲ್ಯಾನಾ ಸ್ತಾಮೆನೋವಾ ಪೆರ್ನಿಕ್ ಪಟ್ಟಣದ ಕಲ್ಲಿದ್ದಲು ಗಣಿಯಿಂದ ನಿವೃತ್ತರಾದವರ ಶ್ವಾಸಕೋಶಗಳನ್ನು ನೋಡಿಕೊಳ್ಳುವವಳು. ಆ ಚಳಿಗಾಲದ ಆರಂಭದಲ್ಲಿ ಅವಳ ಚಿಕಿತ್ಸಾಲಯ ಆಯ್ದ ರೋಗಿಗಳ ಕೈಗೆ ಒಂದೊಂದು ಪಟ್ಟಿ ಕಟ್ಟಿತ್ತು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅದು ಹಗಲಿರುಳೂ ಅಳೆದು, ಕೈಮೇಲೆಯೇ ಅಂಕಿ ತೋರಿಸಿ, ಅವಳ ಮೊಬೈಲಿಗೂ ತಿಳಿಸುತ್ತಿತ್ತು. ಇಂದು ಸಂಜೆಯಿಂದ ಗವ್ರಿಲನ ಅಂಕಿ ಜಾರತೊಡಗಿತ್ತು. ಜಾರುತ್ತಲೇ ಇತ್ತು. ಹಾಗಾದರೆ ಜಾರುತ್ತಿರುವುದು ಯಾರ ರಕ್ತ?

"ಸ್ನಾನಕ್ಕೆ ಅಂತ ಬಿಚ್ಚಿಟ್ಟಿದ್ದೆ," ಎಂದ ಗವ್ರಿಲ್.

"ನಿಮ್ಮ ಬಚ್ಚಲುಮನೆಗೂ ನಾಡಿ ಬಡಿಯುತ್ತಾ ಚಿಕ್ಕಪ್ಪ?"

ಒಳಗಿನಿಂದ ಅವನ ಹೆಂಡತಿ ದಾಂಕಾ ಶಾಲು ಹೊದ್ದುಕೊಂಡು ಬಂದಳು. "ರಿಪೇರಿಗೆ ಕೊಟ್ಟಿದೀನಿ ಅಂದ್ಯಲ್ಲ ನನ್ಹತ್ರ? ಡಾಕ್ಟ್ರೇ ತಗೊಂಡು ಹೋದ್ರು ಅಂದೆ."

"ನೀನು ಸುಮ್ನಿರು ದಾಂಕಾ."

"ನಲವತ್ತು ವರ್ಷ ಸುಮ್ನಿದ್ದಿದ್ದಕ್ಕೇ ನೀನು ಹಿಂಗಾಗಿದ್ದು."

ಬಿಲ್ಯಾನಾ ಮೊಬೈಲನ್ನು ಅವನ ಮುಖದ ಮುಂದೆ ಹಿಡಿದಳು. ಎಪ್ಪತ್ತೊಂಬತ್ತು. "ಕೆಳಗೆ ಆಂಬುಲೆನ್ಸ್ ನಿಂತಿದೆ, ಸಿಲಿಂಡರ್ ಇದೆ. ಎಲ್ಲಾ ನಿಮ್ಮ ವಿಳಾಸಕ್ಕೆ ಬಂದು ಕೂತಿದೆ. ನಿಮ್ಮ ಪಟ್ಟಿ ಕಟ್ಕೊಂಡಿರೋ ಮನುಷ್ಯ ಎಲ್ಲೋ ಉಸಿರು ಸಿಗದೆ ಒದ್ದಾಡ್ತಿದಾನೆ. ಯಾರಿಗೆ ಕೊಟ್ರಿ?"

ಪಟ್ಟಿ ಎಲ್ಲಿದೆಯೆಂದು ಪಟ್ಟಿಯೇ ಹೇಳಬಹುದಿತ್ತು. ಆದರೆ ಗಣಿಯವರು ಅದನ್ನು ಕಟ್ಟಿಸಿಕೊಳ್ಳುವ ಮೊದಲೇ ಒಂದು ಷರತ್ತು ಹಾಕಿದ್ದರು: ನಮ್ಮ ಉಸಿರನ್ನು ಬೇಕಾದರೆ ಎಣಿಸಿಕೊಳ್ಳಿ, ನಾವು ಎಲ್ಲಿ ಹೋಗುತ್ತೇವೆ ಬರುತ್ತೇವೆ ಎಂಬುದು ನಿಮಗೆ ಬೇಡ. ಆ ಷರತ್ತಿಗೆ ಒಪ್ಪಿದವಳು ಬಿಲ್ಯಾನಾಳೇ.

ಗವ್ರಿಲ್ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಕುಳಿತ. "ಗಣಿಯಲ್ಲಿ ನಿಮ್ಮಪ್ಪ ಸ್ಪಾಸ್ ನಮ್ಮ ಮೇಸ್ತ್ರಿ. ಕಣ್ಣು ಮಿಟುಕಿಸದೆ ಕಾಯ್ತಿದ್ದ, ಆದ್ರೆ ಪಾಳಿ ಮುಗೀತು ಅಂದ್ರೆ ನಮ್ಮನ್ನ ನಮ್ಮ ಪಾಡಿಗೆ ಬಿಡ್ತಿದ್ದ. ನಿನ್ನ ಈ ಪಟ್ಟಿ ಹಾಸಿಗೆಗೂ ಬರುತ್ತೆ. ಹೆಂಗೋ ಕಷ್ಟಪಟ್ಟು ನಿದ್ದೆ ಹತ್ತಿದ್ರೆ ಗುಯ್ಯ್ ಅಂತ ಎಬ್ಬಿಸಿ, ನಿನಗೆ ಉಸಿರು ಸಾಲ್ತಿಲ್ಲ ಅನ್ನುತ್ತೆ. ನನಗೆ ಗೊತ್ತಿಲ್ವಾ ಅದು? ಅಂಕಿ ಹಂಗೇ ಇಳೀತಿದ್ರೆ ಮೂಗಿಗೆ ಸಿಲಿಂಡರಿನ ಕೊಳವೆ ಹಾಕ್ತೀನಿ ಅಂತ ನೀನೇ ಅಂದೆ. ಕೊಳವೆ ಎಷ್ಟುದ್ದವೋ ನನ್ನ ಬಾಳು ಅಷ್ಟುದ್ದ ಆಗೋದು ಬೇಡ ಅಂತ..."

"ಅಂತ ಗಟ್ಟಿ ಎದೆ ಇರೋ ಯಾರಿಗೋ ಕಟ್ಟಿದ್ರಿ."

"ನಿನಗೂ ಸಂತೋಷ ಆಯ್ತಲ್ಲ? ತೊಂಬತ್ತೈದು, ತೊಂಬತ್ತಾರು, ಭೇಷ್ ಗವ್ರಿಲ್ ಚಿಕ್ಕಪ್ಪ ಅಂತ ಫೋನಿನಲ್ಲೇ ಹೊಗಳಿದೆ. ಮುಂಚೆ ಮನೆಗೆ ಬಂದು ಬೆನ್ನಿಗೆ ಆ ತಣ್ಣನೆ ಬಿಲ್ಲೆ ಇಟ್ಟು ಕೇಳ್ತಿದ್ದೆ. ಪಟ್ಟಿ ಬಂದ ಮೇಲೆ ಒಂದ್ಸಲನಾದ್ರೂ ಬಂದ್ಯಾ?"

ರೋಗಿ ಸುಳ್ಳು ಹೇಳಬಹುದು, ಅಂಕಿ ಹೇಳದು ಎಂದು ಸಹೋದ್ಯೋಗಿಗಳ ಸಭೆಯಲ್ಲಿ ಬಿಲ್ಯಾನಾಳೇ ವಾದಿಸಿದ್ದಳು. ಗವ್ರಿಲನ ಚೇತರಿಕೆಯನ್ನೇ ಉದಾಹರಣೆಯಾಗಿ ಕೊಟ್ಟಿದ್ದಳು. ಕಳೆದ ಗುರುವಾರದಿಂದ ಆ ಅಂಕಿ ತುಸು ಕೆಳಗಿಳಿದಾಗ ಹಿಮ ಬಿದ್ದ ಕಾರಣವಿರಬೇಕೆಂದು ತಾನೇ ಸಮಾಧಾನ ಹೇಳಿಕೊಂಡಿದ್ದಳು.

"ನನ್ನ ಬೈಯೋದು ಬೆಳಗ್ಗೆ ಬೈಯಿರಿ," ಎಂದಳು. "ಈಗ ಹೆಸರು ಹೇಳಿ."

ಗವ್ರಿಲ್ ನೆಲ ನೋಡುತ್ತ ಕುಳಿತ. ಆ ಮೌನ ಎಲ್ಲಿಂದ ಬಂದದ್ದೆಂದು ಗಣಿಯವರ ಮಗಳಾದ ಬಿಲ್ಯಾನಾಳಿಗೆ ಚೆನ್ನಾಗಿ ಗೊತ್ತಿತ್ತು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಪ್ರತಿವರ್ಷ ಉಸಿರಿನ ಪರೀಕ್ಷೆಯಿರುತ್ತಿತ್ತು. ಕೊಳವೆಯೊಳಗೆ ಜೋರಾಗಿ ಊದಬೇಕು. ಊದಲಾರದವನನ್ನು ಗಣಿಯಿಂದ ತೆಗೆದು ನೆಲದ ಮೇಲಿನ ಕೆಲಸಕ್ಕೆ ಹಾಕುತ್ತಿದ್ದರು. ಮೇಲಿನ ಕೆಲಸವೆಂದರೆ ತಂಡದಿಂದ ಹೊರಗೆ, ಸಾರಾಯಿಯಂಗಡಿಯ ಮೇಜಿನಿಂದಲೂ ಹೊರಗೆ. ಆದ್ದರಿಂದ ಎದೆ ಕೆಟ್ಟವನ ಸರದಿ ಬಂದಾಗ ಗಟ್ಟಿ ಎದೆಯ ಗೆಳೆಯನೊಬ್ಬ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಒಳಹೋಗಿ ಅವನ ಹೆಸರಿನಲ್ಲಿ ಊದಿ ಬರುತ್ತಿದ್ದ. ಮಸಿ ಮೆತ್ತಿದ ಮುಖಗಳನ್ನು ಯಾರು ಗುರುತಿಸಬೇಕು? ಊದಿದವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಹೆಂಡತಿಯ ಮುಂದೆಯೂ ಇಲ್ಲ, ಕುಡಿದಾಗಲೂ ಇಲ್ಲ.

ಎಪ್ಪತ್ತಾರು.

"ಬಾಯಿ ಬಿಡ್ತೀಯೋ ಇಲ್ವೋ?" ದಾಂಕಾ ಫೋರ್ಕನ್ನು ಅವನ ಕೈಯಿಂದ ಕಿತ್ತುಕೊಂಡಳು. "ನಾಳೆ ಅವನ ಹೆಂಡ್ತಿ ಬಂದು ನನ್ನ ಬಾಗಿಲಲ್ಲಿ ಅಳ್ತಾಳಲ್ಲ, ಅವಳಿಗೆ ಏನಂತ ಹೇಳ್ಲಿ? ನನ್ನ ಗಂಡ ಮಾತು ಉಳಿಸ್ಕೊಂಡ ಅಂತ ಹೇಳ್ಲಾ?"

ಗವ್ರಿಲನ ಎದೆ ಎರಡು ಸಲ ಏರಿಳಿಯಿತು. "ಮೆತೋದಿ," ಎಂದ. "ಮೆತೋದಿಗೆ ಕೊಟ್ಟೆ. ಅವನಿಗೇನೂ ಆಗೋಕೆ ಸಾಧ್ಯ ಇಲ್ಲ. ಈಗ್ಲೂ ಸೈಕಲ್ ಹೊಡೀತಾನೆ, ಗೂಳಿ ಇದ್ದಂಗಿದಾನೆ."

ಬಿಲ್ಯಾನಾ ಅವನಿಂದಲೇ ಕರೆ ಮಾಡಿಸಿ ಫೋನನ್ನು ಮೇಜಿನ ಮೇಲಿಡಿಸಿದಳು. ಕರೆ ಹೋಗುತ್ತಲೇ ಇತ್ತು. ಕೆಳಗೆ ಆಂಬುಲೆನ್ಸಿನ ಎಂಜಿನ್ ಗುರುಗುಡುತ್ತಿತ್ತು. ಇನ್ನೇನು ಕರೆ ಕಡಿದುಹೋಗಬೇಕು ಎನ್ನುವಾಗ ಅತ್ತ ಕಡೆಯಿಂದ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದ ಸದ್ದು ಕೇಳಿಸಿತು.

"ಏನೋ ಗವ್ರಿಲ್, ದಾಂಕಾ ಮನೆಯಿಂದ ಓಡಿಸಿದ್ಲಾ?"

ಏದುಸಿರಿಲ್ಲದ ಗಟ್ಟಿ ಕಂಠ. ಬಿಲ್ಯಾನಾ ಕಣ್ಣು ಮುಚ್ಚಿಕೊಂಡಳು. ಇವನಲ್ಲ.

"ಪಟ್ಟಿ ಎಲ್ಲಿ ಮೆತೋದಿ?" ಎಂದು ಕೇಳಿದ ಗವ್ರಿಲ್.

"ಭದ್ರವಾಗಿದೆ ಕಣೋ. ಗುರುವಾರ ನನಗೆ ನೆಗಡಿ ಶುರುವಾಯ್ತು. ಅಂಕಿ ಇಳಿದು ನಿನ್ನ ಮೂಗಿಗೆ ಕೊಳವೆ ಬಿದ್ದೀತು ಅಂತ ಹೆದರಿಕೊಂಡೆ. ಅಷ್ಟರಲ್ಲಿ ಅವನೇ ಕೇಳಿ ಇಸ್ಕೊಂಡ. ಇಬ್ಬರ ಪಾಲಿನ ಉಸಿರು ನನ್ನಲ್ಲಿದೆ, ಕೊಡೋ ಇಲ್ಲಿ ಅಂದ."

"ಯಾರು?"

"ಪಕ್ಕದಲ್ಲಿ ಯಾರೋ ಇದಾರೆ ಅನ್ನಿಸ್ತಿದೆ."

"ನಾನಿದೀನಿ ಮೆತೋದಿ ಚಿಕ್ಕಪ್ಪ, ಬಿಲ್ಯಾನಾ," ಎಂದಳು ಅವಳು. "ಅವರ ಅಂಕಿ ಎಪ್ಪತ್ತೈದಕ್ಕೆ ಬಂದಿದೆ. ಆಂಬುಲೆನ್ಸ್ ರಸ್ತೆಯಲ್ಲೇ ಇದೆ. ಹೆಸರು ಹೇಳಿದ್ರೆ ಈಗ್ಲೇ ಹೊರಡುತ್ತೆ."

ಬೀಜ ಕಡಿಯುವ ಸದ್ದು ನಿಂತಿತು.

"ಎಪ್ಪತ್ತೈದು ಅಂದ್ರೆ ತೀರಾ ಕಮ್ಮಿನಾ?"

"ಇನ್ನೂ ಇಳಿದ್ರೆ ಪ್ರಜ್ಞೆ ತಪ್ಪುತ್ತೆ."

"ಅಯ್ಯೋ ದೇವ್ರೇ." ಮೆತೋದಿ ಕುರ್ಚಿ ಎಳೆದು ಕೂತ ಸದ್ದಾಯಿತು. "ಮೊನ್ನೆಯಿಂದ ಕುರ್ಚಿಯಲ್ಲೇ ಕೂತು ನಿದ್ದೆ ಮಾಡ್ತೀನಿ ಅಂದ, ನಾನು ತಮಾಷೆ ಅಂದ್ಕೊಂಡೆ. ನಿಜ ಹೇಳಬೇಕಂದ್ರೆ ಅವನಿಗೆ ತನ್ನ ಅಂಕಿ ನೋಡ್ಕೊಳ್ಳೋ ಆಸೆ ಇತ್ತು ಕಣಮ್ಮ. ಯಾರಿಗೂ ಗೊತ್ತಾಗದಂಗೆ, ಗವ್ರಿಲನ ಹೆಸರಲ್ಲಿ. ಯಾರಿಗೆ ಗೊತ್ತಾದ್ರೂ ನಿನಗೆ ಗೊತ್ತಾಗಬಾರದು ಅಂತ ಆಣೆ ಹಾಕಿಸ್ಕೊಂಡ."

"ನಾನು ಡಾಕ್ಟರು ಅನ್ನೋದನ್ನ ಮರೆತುಬಿಡಿ. ಸ್ಪಾಸನ ಮಗಳು ಕೇಳ್ತಿದಾಳೆ ಅಂದ್ಕೊಳ್ಳಿ."

ಗವ್ರಿಲ್ ತಲೆಯೆತ್ತಿ ಮೊದಲು ಫೋನನ್ನು ನೋಡಿದ, ಬಳಿಕ ಬಿಲ್ಯಾನಾಳ ಮುಖವನ್ನು ನೋಡಿದ. ಅವನ ಬಾಯಿ ಅರೆತೆರೆದೇ ಉಳಿಯಿತು. ದಾಂಕಾ ಮೆಲ್ಲನೆ ಬಂದು ಬಿಲ್ಯಾನಾಳ ಬೆನ್ನ ಹಿಂದೆ ಒಂದು ಕುರ್ಚಿ ಸರಿಸಿದಳು.

"ಅದಕ್ಕೇ ಕಣಮ್ಮ ನನಗೆ ಬಾಯಿ ಬರ್ತಿಲ್ಲ," ಎಂದ ಮೆತೋದಿ.

ಅವಳು ಕೂರಲಿಲ್ಲ. ಪರದೆಯ ಮೇಲೆ ಎಪ್ಪತ್ತಮೂರು ಮಿನುಗಿತು.

"ಹೆಸರು ಹೇಳಿ ಚಿಕ್ಕಪ್ಪ."

"ಸ್ಪಾಸ್ ಸ್ತಾಮೆನೋವ್," ಎಂದ ಮೆತೋದಿ.