ವಿದ್ಯಾರ್ಥಿನಿ ‘ಎ’

ಕಾನೂನು ಓದುವವರಿಗೆ ಒಂದು ಸೊಕ್ಕು ಇರುತ್ತದೆ. ನನಗದು ಎರಡನೇ ವರ್ಷಕ್ಕೇ ಬಂದಿತ್ತು. ದುಬೈಯ ನಮ್ಮ ಕಾಲೇಜಿನ ಕಾನೂನು ನೆರವು ಕೇಂದ್ರದಲ್ಲಿ ನಾನು, ಸಹಪಾಠಿ ಸುಜಿತ್ ಸ್ವಯಂಸೇವಕರು. ಅಂಗವಿಕಲರ ಹಕ್ಕುಗಳ ಬಗ್ಗೆ ಹುಡುಕಿ ಬರೆಯುವುದು ನಮ್ಮ ಕೆಲಸ.

ರುಬೀನಕ್ಕ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಿಂದ ಎರಡು ಬಸ್ ಹತ್ತಿ ಕೇಂದ್ರಕ್ಕೆ ಬಂದಿದ್ದರು. ಮಗಳು ರಶೀದಾಳಿಗೆ ಎಂಟು ವರ್ಷ, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಮೂರನೇ ಕ್ಲಾಸು ಮೇಲಿನ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ ಎಂದು ಹೊಸ ಶಾಲೆ ಸೀಟು ಕೊಡಲಿಲ್ಲ. ಆಕ್ಷೇಪಣೆಗೆ ಗುರುವಾರ ಕೊನೆಯ ದಿನ. ಈ ಸೀಟೂ ಸಿಗದಿದ್ದರೆ ತಾಯಿ, ಮಗಳು ಊರು ಉಳ್ಳಾಲಕ್ಕೆ ವಾಪಸು. ಅಲ್ ಕೂಜ್‌ನ ಗೋದಾಮಿನಲ್ಲಿ ದುಡಿಯುವ ಗಂಡ ಝುಬೈರ್ ಇಲ್ಲಿ ಗಂಡಸರು ಹಂಚಿಕೊಂಡಿರುವ ಬ್ಯಾಚುಲರ್ ರೂಮಿಗೆ.

“ಮಗು ಅಪ್ಪನನ್ನು ಬಿಟ್ಟು ಇರುವುದಿಲ್ಲ ಮಾರಾಯ್ತಿ,” ಎಂದಿದ್ದರು ರುಬೀನಕ್ಕ.

ಆರು ದೇಶಗಳ ತೀರ್ಪು ಓದಿದೆವು. ಹದಿನಾಲ್ಕು ಪುಟದ ಪತ್ರವಾಯಿತು, ಅಡಿಟಿಪ್ಪಣಿಗಳೇ ಐವತ್ತೆರಡು. ನಮ್ಮ ಪ್ರೊಫೆಸರ್ ಡೆಬೊರಾ ಮೇಡಂ ಕಲಿಸಿದ ಮೊದಲ ಪಾಠ, ಸಂಶೋಧನೆಯಲ್ಲಿ ಕಕ್ಷಿದಾರರ ಹೆಸರು ಇರಬಾರದು ಎಂದು. ನಾನು ಒಂದೊಂದೇ ಹೆಸರು ಅಳಿಸಿದೆ. ರಶೀದಾ ‘ವಿದ್ಯಾರ್ಥಿನಿ ಎ’ ಆದಳು. ಅರ್ಜಿ ಸಂಖ್ಯೆಯನ್ನೂ ತೆಗೆದೆ. ಇದು ಪ್ರಬಂಧವಲ್ಲ, ಶಾಲೆಗೆ ಹೋಗುವ ಪತ್ರ ಎಂದು ನನಗೂ ಹೊಳೆಯಲಿಲ್ಲ, ಸುಜಿತ್‌ಗೂ ಹೊಳೆಯಲಿಲ್ಲ. ಬುಧವಾರವೇ ಕೇಂದ್ರದ ಇಮೇಲಿನಿಂದ ಶಾಲೆಗೂ ರುಬೀನಕ್ಕನಿಗೂ ಕಳಿಸಿ, ಮಿರ್ದಿಫ್‌ನ ಕೆಫೆಯಲ್ಲಿ ಕರಕ್ ಚಹಾ ಕುಡಿದು ಬೀಗಿದೆವು.

ಸೋಮವಾರ ಒಂದು ಸಾಲಿನ ಉತ್ತರ ಬಂತು: ಇದು ಯಾವ ಮಗುವಿನ ಬಗ್ಗೆ? ಮೇಡಂ ತಕ್ಷಣ ಶಾಲೆಗೆ ಫೋನ್ ಮಾಡಿ ಹೆಸರು ಹೇಳಿದರು. ಅವಧಿ ಮುಗಿದಿದೆ, ಸೀಟು ಬೇರೆಯವರಿಗೆ ಹೋಗಿದೆ ಎಂದರು ಶಾಲೆಯವರು.

ತಪ್ಪು ನನ್ನದು. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ಹಾಗೇ ರುಬೀನಕ್ಕನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

ಅವರು ಬೈಯಲಿಲ್ಲ. “ನೀವು ಕಳಿಸಿದ ಕಾಪಿ ನಾನು ಓದಿದ್ದೆ ಯಶ್ಮಿತಾ. ಇವಳ ಹೆಸರು ಎಲ್ಲೂ ಇರಲಿಲ್ಲ. ಕಾನೂನಿನಲ್ಲಿ ಹಾಗೇ ಬರೆಯುವುದು ಅಂತ ಸುಮ್ಮನಾದೆ. ಖಲಾಸ್, ಬಿಡಿ. ಶುಕ್ರವಾರಕ್ಕೆ ಟಿಕೆಟ್ ಮಾಡಿಸುತ್ತೇವೆ.”

ಬೈದಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ರಶೀದಾ ಫೋನ್ ಕಸಿದುಕೊಂಡಳು.

“ಅಕ್ಕಾ, ಊರಿನ ಸ್ಕೂಲಲ್ಲಿ ಲಿಫ್ಟ್ ಉಂಟಾ?”

ಅದನ್ನು ನಾವು ಹುಡುಕಿರಲಿಲ್ಲ.