ಹೆಲಿಕಾಪ್ಟರಿನ ಕನ್ನಡಿ ಕಂಪ್ಲಿಗೆ ಹೋದದ್ದು

ಕಂಪ್ಲಿಯಲ್ಲಿ ನಾನು ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದರೆ ಕೊನೆಗೆ ಮೂರು ಬೋಲ್ಟು ಉಳಿಯುತ್ತಿದ್ದವು. ಆದರೂ ಟ್ರ್ಯಾಕ್ಟರ್ ಮೊದಲಿಗಿಂತ ಜೋರಾಗಿ ಓಡುತ್ತಿತ್ತು. ಒಂದು ಟ್ರ್ಯಾಕ್ಟರಂತೂ ಹೊಳೆ ದಾಟಿ ಗಂಗಾವತಿಯಲ್ಲಿ ಸಿಕ್ಕಿತು; ಡ್ರೈವರ್ ಈ ದಂಡೆಯಲ್ಲೇ ಬೀಡಿ ಸೇದುತ್ತಿದ್ದ.

ಇಂಥ ನನ್ನನ್ನು ಕಡ್ಡಿರಾಂಪುರದ ಹೆಲಿಕಾಪ್ಟರ್ ಶೆಡ್ಡಿಗೆ ಹೆಲ್ಪರ್ ಆಗಿ ತೆಗೆದುಕೊಂಡರು. ಪ್ರವಾಸಿಗರಿಗೆ ಹಂಪಿಯನ್ನು ಮೇಲಿನಿಂದ ತೋರಿಸುವ ಹೆಲಿಕಾಪ್ಟರ್ ಅದು. ಇಂಜಿನಿಯರ್ ಹೊಸಪೇಟೆಯ ವಿಜಯಲಕ್ಷ್ಮೀ ಮೇಡಂ. ಆರು ತಿಂಗಳು ನನ್ನ ಕೆಲಸ ನೋಡಿ, ಆಯುಧಪೂಜೆಯ ದಿನ ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕುವುದಾಗಿ ಹೇಳಿದ್ದರು.

"ಕೆಟ್ಟ ಮ್ಯಾಲೆ ರಿಪೇರಿ ಮಾಡೋದು ನಿನ್ನ ಟ್ರ್ಯಾಕ್ಟರಿಗೆ, ಗಾದಿಲಿಂಗಪ್ಪ. ಇದಕ್ಕ ಕೆಡೋಕ್ಕಿಂತ ಮೊದ್ಲ ಮಾಡಬೇಕು," ಅನ್ನುತ್ತಿದ್ದರು. ಹೊಸ ಸಾಮಾನನ್ನು ಹಿಂದಿನ ದಿನವೇ ತರಿಸಿ, ಬಿಚ್ಚುವ ಕ್ರಮದಲ್ಲೇ ಸಾಲಾಗಿ ಜೋಡಿಸಿ ಇಡುತ್ತಿದ್ದರು. ಬೇರೆ ಕಡೆ ರಿಪೇರಿಗೆ ಮೂರು ದಿನ ನಿಲ್ಲುವ ಹೆಲಿಕಾಪ್ಟರ್ ನಮ್ಮಲ್ಲಿ ಅರ್ಧ ದಿನ ನಿಂತರೆ ಹೆಚ್ಚು.

ಗೋಡೆಯ ಹಲಗೆಯ ಮೇಲೆ ಸ್ಪ್ಯಾನರ್, ಸ್ಕ್ರೂಡ್ರೈವರ್ ಅಂತ ನಲವತ್ತೇಳು ಹತ್ಯಾರಗಳ ಆಕಾರ ಕೆಂಪು ಬಣ್ಣದಲ್ಲಿ ಬರೆದಿತ್ತು. ಎಲ್ಲವನ್ನೂ ತೂಗುಹಾಕಿದಾಗ ಒಂದು ಕೆಂಪು ಕಂಡರೂ ಆ ಹತ್ಯಾರ ಹೆಲಿಕಾಪ್ಟರ್ ಒಳಗೇ ಬಿದ್ದಿದೆ ಎಂದೇ ಲೆಕ್ಕ. ಪೂರ್ತಿ ಬಿಚ್ಚಿ ಹುಡುಕಬೇಕು. ಎರಡು ದಿನ ಹಾರಾಟ ಬಂದ್.

ಆಯುಧಪೂಜೆಯ ಬೆಳಿಗ್ಗೆ ಹೆಲಿಕಾಪ್ಟರಿನ ತಪಾಸಣೆ ಮುಗಿಸಿ, ಹತ್ಯಾರಗಳನ್ನು ಬಾಳೆ ಎಲೆಯ ಮೇಲೆ ಹರಡಿದೆವು. ಪೂಜೆಗೆ ಬಂದ ಕೊಟ್ರಯ್ಯ ಸ್ವಾಮಿಗಳು ಜೋಳಿಗೆ ತಡಕಾಡಿದರು.

"ದೇವಿಗೆ ಕನ್ನಡಿ ತೋರಿಸಬೇಕಲೇ. ನಮ್ಮದು ಒಡದೈತಿ."

ಹತ್ಯಾರಗಳ ನಡುವೆ ಇಂಜಿನ್ ಹಿಂದೆ ಇಣುಕಲು ಉದ್ದ ಕಡ್ಡಿಯ ದುಂಡು ಕನ್ನಡಿಯೊಂದಿತ್ತು. ಅದನ್ನೇ ಕೊಟ್ಟೆ. ದೇವಿ ಎರಡು ಸಲ ನೋಡಿಕೊಂಡಳು, ಕುಂಕುಮ ಸರಿ ಮಾಡಿಕೊಂಡಳು. ನಾನೇ ಕಣ್ಣಾರೆ ಕಂಡೆ.

ಒಂಬತ್ತಕ್ಕೆ ಹತ್ಯಾರಗಳನ್ನೆಲ್ಲ ತೂಗುಹಾಕಿ ಹಲಗೆ ನೋಡಿದರೆ ಒಂದು ಕೆಂಪು ಗುಂಡಗೆ ನನ್ನನ್ನೇ ದಿಟ್ಟಿಸುತ್ತಿತ್ತು. ಸ್ವಾಮಿಗಳು ಕಂಪ್ಲಿಯ ಅಕ್ಕಿ ಗಿರಣಿಯ ಪೂಜೆಗೆ ಹೋಗಿದ್ದರು. ಫೋನ್ ಮಾಡಿದರೆ ಬರೀ ಗಂಟೆಯ ಸದ್ದು. ಹೆಲಿಕಾಪ್ಟರ್ ಹನ್ನೊಂದಕ್ಕೆ ಹಾರಬೇಕು.

ನನ್ನ ಬೈಕಿನ ಕನ್ನಡಿ ಬಿಚ್ಚಿ ತಂದೆ. ಆ ಜಾಗದಲ್ಲಿ ತೂಗುಹಾಕಬೇಕು ಅನ್ನುವಷ್ಟರಲ್ಲಿ ಅದರಲ್ಲಿ ನನ್ನ ಮುಖ ಕಂಡಿತು. ಆ ಮುಖದವನನ್ನು ನಾನಾಗಿದ್ದರೆ ಕೆಲಸಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲ. ಮೇಡಂ ಹತ್ತಿರ ಹೋದೆ.

"ಮೇಡಂ, ದುಂಡು ಕನ್ನಡಿ ಸ್ವಾಮೇರ ಜೋಳಿಗ್ಯಾಗ ಹೋಗೈತ್ರಿ. ನಾನಾ ಕೊಟ್ಟಿದ್ದೆ."

"ಜೋಳಿಗ್ಯಾಗ ಹಾಕ್ಕೊಂಡಿದ್ದು ನೋಡಿಯೇನು?"

"ಇಲ್ರಿ."

"ಹಂಗಾದ್ರ ಅದು ಹೆಲಿಕಾಪ್ಟರ್ ಒಳಗಾ ಐತಿ. ಹತ್ತೂ ಮುಕ್ಕಾಲಿಗೆ ಕನ್ನಡಿ ಬರಬೇಕು. ರಿಜಿಸ್ಟರಿಗೆ ಸಹಿ ಮಾಡಾಕ ಸ್ವಾಮೇರೂ ಬರಬೇಕು. ಬರಲಿಲ್ಲಂದ್ರ ಇದನ್ನ ಬಿಚ್ಚತೀನಿ, ನಿನ್ನ ಕಾಗದ ಹರೀತೀನಿ."

ಬೈಕ್ ಎಷ್ಟು ಜೋರಾಗಿ ಹೋಯಿತೆಂದರೆ, ಕಮಲಾಪುರದಲ್ಲಿ ಹೊಡೆದ ಹಾರ್ನು ಕಂಪ್ಲಿಗೆ ನನಗಿಂತ ತಡವಾಗಿ ಬಂತು. ಗಿರಣಿಯಲ್ಲಿ ಸ್ವಾಮಿಗಳು ಅದೇ ಕನ್ನಡಿಯನ್ನು ಎತ್ತಿ ಹಿಡಿದಿದ್ದರು.

"ಸ್ವಾಮೇರ, ಜಲ್ದಿ ಕೊಡ್ರಿ!"

"ಮಂಗಳಾರತಿ ಆಗೋತನಕ ಬಿಡಂಗಿಲ್ಲಲೇ. ದೇವಿ ಇನ್ನಾ ನೋಡ್ಕೊಳ್ಳಾಕತ್ಯಾಳ."

ಆರತಿ ಹಾಡನ್ನು ನಾನೇ ಶುರು ಮಾಡಿ ಒಂದೇ ಉಸಿರಿನಲ್ಲಿ ಮುಗಿಸಿದೆ. ಗಂಟೆ ಬಾರಿಸುವವನಿಗೆ ಕೈ ಉಳುಕಿತು. ಸ್ವಾಮಿಗಳನ್ನು ಹಿಂದೆ ಕೂರಿಸಿ, ಜೋಳಿಗೆಯನ್ನು ಟ್ಯಾಂಕಿನ ಮೇಲಿಟ್ಟು, ಹತ್ತೂ ನಲವತ್ತಕ್ಕೆ ಶೆಡ್ಡು ಮುಟ್ಟಿಸಿದೆ.

ಮೇಡಂ ಕನ್ನಡಿ ಒರೆಸಿ ತೂಗುಹಾಕಿದರು. ನಲವತ್ತೇಳು. ಸ್ವಾಮಿಗಳು ರಿಜಿಸ್ಟರಿಗೆ ಸಹಿ ಮಾಡಿದರು.

"ಸ್ವಾಮೇರ, ಜೋಳಿಗಿ ಒಮ್ಮೆ ಸುರುವ್ರಿ. ಮತ್ತೇನರ ನಮ್ಮದು ಬಂದೈತೇನೋ," ಎಂದರು ಮೇಡಂ.

ಗಂಟೆ, ಆರತಿ ತಟ್ಟೆ, ತೆಂಗಿನ ಹೋಳುಗಳು ಹೊರಬಂದವು. ಸ್ವಾಮಿಗಳು ಎಣಿಸಿ ಹುಬ್ಬು ಗಂಟಿಕ್ಕಿದರು. "ಆರು ಹೋಳಿದ್ವು. ಐದಾ ಅದಾವ! ಹೆಲಿಕಾಪ್ಟರ್ ಬಿಡಬ್ಯಾಡ್ರೀ!"

ಹಾರಲು ಸಜ್ಜಾಗಿ ಕೂತಿದ್ದ ಪೈಲಟ್ ಕೆಳಗಿಳಿದ. ಮೇಡಂ ನಗಲಿಲ್ಲ. ಹೆಲಿಕಾಪ್ಟರ್ ಬಿಚ್ಚಲು ಗೋಡೆಯ ಸ್ಕ್ರೂಡ್ರೈವರಿಗೆ ಕೈ ಹಾಕಿದರು.

ನಾನು ಕೈ ಎತ್ತಿದೆ. "ದಾರ್‍ಯಾಗ ತಿಂದೀನ್ರಿ ಮೇಡಂ. ಬೆಳಗಿನಿಂದ ಹೊಟ್ಟಿ ಖಾಲಿ ಇತ್ತು."

"ಚಿಪ್ಪು?"

ಜೇಬಿನಿಂದ ತೆಗೆದು ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ಬರೆದರು: ತೆಂಗಿನ ಹೋಳು ಒಂದು, ಪತ್ತೆಯಾಗಿದೆ, ಗಾದಿಲಿಂಗಪ್ಪನ ಹೊಟ್ಟೆ. ಅದೇ ಪೆನ್ನಿನಲ್ಲಿ ಹೆಲಿಕಾಪ್ಟರ್ ಹಾರಲು ಸಹಿ ಹಾಕಿದರು. ಆಮೇಲೆ ನನ್ನ ಕಾಗದಕ್ಕೆ.