ಎಡಗೈಗೆ ಇಟ್ಟ ರೊಟ್ಟಿ

ಹಾಲಮ್ಮನ ಎಡಗೈ ಕಂಡರೆ ಹುಲಿಯಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಶಿಕಾರಿಪುರದ ಆ ಪುಟ್ಟ ಚರ್ಚಿನಲ್ಲಿ ಅವನು ಸಭೆಯ ಹಿರಿಯ. ಅದರ ಗೋಡೆಗೆ ಗಾರೆ ಮೆತ್ತಿದ ಮೇಸ್ತ್ರಿಯೂ ಅವನೇ. ಕರ್ತನ ಭೋಜನದ ಭಾನುವಾರ ಕ್ರಿಸ್ತನ ದೇಹವೆಂದು ಪಾದ್ರಿಗಳು ಪ್ರಾರ್ಥಿಸಿ ಮುರಿದ ರೊಟ್ಟಿಯನ್ನು ತಟ್ಟೆಯಲ್ಲಿ ಹಿಡಿದು, ಮೊಣಕಾಲೂರಿದವರ ಕೈಗೆ ಒಂದೊಂದೇ ತುಂಡು ಇಡುವುದು ಅವನ ಪಾಲಿನ ಸೇವೆ. ಎಲ್ಲರೂ ಬಲಗೈ ಒಡ್ಡುತ್ತಿದ್ದರು. ಈ ಮುದುಕಿ ಮಾತ್ರ ಎಡಗೈ. ಒಡ್ಡಿದ್ದಷ್ಟೇ ಆಗಿದ್ದರೆ ಸಹಿಸಬಹುದಿತ್ತೇನೋ. ತುಂಡನ್ನು ಅಂಗೈಯಲ್ಲಿಟ್ಟುಕೊಂಡು, ಎದೆಮಟ್ಟಕ್ಕೆ ಎತ್ತಿ, ರೆಪ್ಪೆ ಹೊಡೆಯದೆ ನೋಡುತ್ತ ಕೂತುಬಿಡುವಳು. ಸಾಲಿನವರೆಲ್ಲ ತಿಂದು, ಎದ್ದು, ತಮ್ಮ ಜಾಗಕ್ಕೆ ಹೋಗಿ ಕೆಮ್ಮಿ ಸುಧಾರಿಸಿಕೊಂಡರೂ ಈಕೆಯ ನೋಟ ಮುಗಿಯುತ್ತಿರಲಿಲ್ಲ.

ಆ ಕೈ ಏನೆಂದು ಹುಲಿಯಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಲಿಂಗವಂತರು ಇಷ್ಟಲಿಂಗವನ್ನಿಟ್ಟು ಪೂಜಿಸುವ ಕೈ ಅದು. ಹಾಲಮ್ಮ ಕುಬಟೂರಿನ ಲಿಂಗವಂತರ ಮನೆಯ ಸೊಸೆ. ಗಂಡ ಮಹೇಶ್ವರಪ್ಪ ಮಿಶನ್ ಆಸ್ಪತ್ರೆಯಲ್ಲಿ ಸಾವಿನ ಬಾಯಿಂದ ಎದ್ದು ಬಂದು ಕ್ರಿಸ್ತನನ್ನು ನಂಬಿದಾಗ ಈಕೆಯೂ ಕೊರಳಿನ ಲಿಂಗ ತೆಗೆದಿಟ್ಟು ದೀಕ್ಷಾಸ್ನಾನ ಪಡೆದಿದ್ದಳು. ಗಂಡ ತೀರಿಕೊಂಡ ಮೇಲೆ ಸೊರಬದಲ್ಲಿ ಮಗಳ ಜೊತೆ ಇದ್ದು, ಭೋಜನದ ಭಾನುವಾರ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಬರುತ್ತಿದ್ದಳು. ಅದೇ ಕುಬಟೂರಿನ ಊರಾಚೆಯ ಕೇರಿಯಲ್ಲಿ ಹುಟ್ಟಿದವನು ಹುಲಿಯಪ್ಪ. ಚಿಕ್ಕಂದಿನಲ್ಲಿ ಬಾಯಾರಿದಾಗ ಆ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತು ಬೊಗಸೆಯೊಡ್ಡುತ್ತಿದ್ದ. ಆಗಿನ ಎಳೆಯ ಸೊಸೆ ಹಾಲಮ್ಮ, ತಂಬಿಗೆಗೆ ಎಲ್ಲಿ ಮೈಲಿಗೆ ತಾಕೀತೋ ಎಂದು ಎತ್ತರದಿಂದ ನೀರು ಸುರಿಯುತ್ತಿದ್ದಳು. ಅರ್ಧ ಬಾಯಿಗೆ, ಅರ್ಧ ಮೈಗೆ.

ಇಷ್ಟನ್ನೂ ಅವನು ಹಲ್ಲು ಕಚ್ಚಿ ತಡೆದುಕೊಂಡಿದ್ದ. ಕೆಟ್ಟದ್ದು ಹೊಸ ಪಾದ್ರಿಗಳಿಂದ. ಮಂಗಳೂರಿನ ಕಡೆಯವರು, ವಯಸ್ಸು ಸಣ್ಣದು, ಓದು ದೊಡ್ಡದು. ಸೊರಬದ ಕಡೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನಕ್ಕೂ ಆ ಜ್ವರ ಹತ್ತಿದ ಕಾಲ ಅದು. ಸೊರಬದ ಬಸ್ಸಿನಲ್ಲಿ ಬಂದವರ ಪಕ್ಕ ಕೂರಲೂ ಜನ ಹಿಂದೆಮುಂದೆ ನೋಡುತ್ತಿದ್ದರು. ಅಂಥದ್ದರಲ್ಲೂ ಭೋಜನ ತಪ್ಪಿಸದ ಹಾಲಮ್ಮನನ್ನು ಪಾದ್ರಿಗಳು ಪೀಠದ ಮೇಲಿಂದಲೇ ಹೊಗಳಿದರು.

“ನಾವು ಕರ್ತನ ರೊಟ್ಟಿಯನ್ನು ಮಂಡಕ್ಕಿಯ ಹಾಗೆ ಬಾಯಿಗೆ ಎಸೆದುಕೊಳ್ಳುತ್ತೇವೆ. ಈ ತಾಯಿಯನ್ನು ನೋಡಿ. ಅಂಗೈಯಲ್ಲಿ ದೇವರನ್ನು ಕಾಣುವುದನ್ನು ನಮ್ಮ ನಾಡಿನ ಶರಣರು ಕಲಿಸಿದರು. ಅದನ್ನು ಬಿಟ್ಟು ಬರಬೇಕಿಲ್ಲ, ಜೊತೆಗೆ ತಂದರೆ ನಮ್ಮ ವಿಶ್ವಾಸ ಇನ್ನೂ ಆಳಕ್ಕಿಳಿಯುತ್ತದೆ. ಮುಂದಿನ ಭೋಜನದಲ್ಲಿ ಎಲ್ಲರೂ ಎಡಗೈಯಲ್ಲೇ ತೆಗೆದುಕೊಳ್ಳೋಣ. ಹೇಗೆ ಧ್ಯಾನಿಸಬೇಕೆಂದು ಹಾಲಮ್ಮನವರೇ ಕಲಿಸಲಿ.”

ಜನ ಚದುರುವುದನ್ನೇ ಕಾಯುತ್ತಿದ್ದ ಹುಲಿಯಪ್ಪ ಪಾದ್ರಿಗಳನ್ನು ಬಾಗಿಲಲ್ಲೇ ತಡೆದ.

“ಅಯ್ಯನೋರೇ, ಆ ಲಿಂಗ ಕಟ್ಟಿದೋರ ಎದುರಿಗೆ ನಮ್ಮಪ್ಪ ತಲಿ ಎತ್ತಂಗಿರಲಿಲ್ಲ. ಅದನ್ನ ಬಿಟ್ಟು ಓಡಿ ಬಂದು ಈ ಗ್ವಾಡಿ ಕಟ್ಟೀವಿ. ಈಗ ಅವರ ಕೈಲೇ ನಮಗ ಪಾಠ ಹೇಳಸ್ತೀರೇನ್ರೀ?”

“ಅದು ಜಾತಿಯಲ್ಲ ಹುಲಿಯಪ್ಪನವರೇ, ಧ್ಯಾನ.”

“ನಿಮಗ ಧ್ಯಾನ. ನಮಗ ಅದು ಅವರ ಮನಿ ಹಿತ್ಲ ಬಾಗ್ಲ. ಆ ಎಡಗೈಗೆ ನಾ ಇನ್ನ ರೊಟ್ಟಿ ಇಡಾದಿಲ್ಲ. ಆಕಿ ಕೈ ಬದಲಸ್ಲಿ, ಇಲ್ಲ ನೀವು ಹಿರಿಯನ್ನ ಬದಲಸ್ರಿ.”

ಪಾದ್ರಿಗಳ ಮುಖ ಸಣ್ಣದಾಯಿತು. “ಒಮ್ಮೆ ಅವರ ಜೊತೆ ಮಾತಾಡಿ ನೋಡಿ. ಆಮೇಲೆ ನೀವು ಹೇಳಿದಂತೆ ಆಗಲಿ” ಎಂದರು.

ಬಾಯಿಬಿಟ್ಟು ಹಾಗೆ ಅಂದುಬಿಟ್ಟನೇ ಹೊರತು, ಆ ತಟ್ಟೆ ಬಿಡುವುದೆಂದರೆ ಹುಲಿಯಪ್ಪನಿಗೆ ಜೀವ ಬಿಟ್ಟಷ್ಟೇ ಕಷ್ಟ. ಕೇರಿಯಲ್ಲಿ ಹುಟ್ಟಿದವನ ಕೈಯಿಂದ ಎಲ್ಲ ಜಾತಿಯವರೂ ತೆಗೆದುಕೊಂಡು ತಿನ್ನುವ ಜಾಗ ಅವನು ಕಂಡ ಲೋಕದಲ್ಲಿ ಅದೊಂದೇ ಇತ್ತು. ಜ್ವರವೂ ಬೇಡ, ಏನೂ ಬೇಡ ಎಂದು ಮರುದಿನವೇ ಸೊರಬದ ಬಸ್ಸು ಹತ್ತಿದ.

ಹಾಲಮ್ಮ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು. “ಬಾ ಹುಲಿಯಪ್ಪ, ಕೂತ್ಕ” ಅಂದಳು.

“ಕೂರಾಕ ಬಂದಿಲ್ಲ. ಒಂದು ಮಾತು ಕೇಳಾಕ ಬಂದೀನಿ. ಸಭೆ ಸೇರಿ ಇಷ್ಟು ವರ್ಷ ಆತು. ನಮ್ಮನಿಗೆ ಎಷ್ಟು ಸಲ ಕರದೀನಿ! ಒಂದು ದಿನ ಬಂದು ಒಂದು ಗುಟುಕು ನೀರು ಕುಡದೀರೇನು?”

“ಇಲ್ಲ.”

ಉಪವಾಸ, ಪಿತ್ತ, ಬಸ್ಸಿಗೆ ಹೊತ್ತಾಯಿತು, ಹೀಗೆ ಏನಾದರೊಂದು ನೆಪ ಹೇಳುತ್ತಾಳೆಂದು ಬಂದವನನ್ನು ಆ ಒಂದು ಮಾತು ಇನ್ನಷ್ಟು ರೇಗಿಸಿತು. “ನಮ್ಮನೀ ನೀರು ಇಳೀದ ಗಂಟಲಿಗೆ ಅಂಗೈಯಾಗ ದೇವರು ಕಾಣ್ತಾನೇನು?”

“ಕಾಣ್ತಾನೆ ಅಂದಿದ್ದು ಪಾದ್ರಿಗಳು. ನಾನು ಅಂದಿಲ್ಲ.”

“ಮತ್ತ ಅಷ್ಟೊತ್ತು ಏನು ನೋಡ್ತೀರಿ?”

ಹಾಲಮ್ಮ ಮೊರವನ್ನು ಕೆಳಗಿಟ್ಟಳು. “ನಿನ್ನ ಕೈ ಮುಟ್ಟಿದ್ದು ನಂಗೆ ಇಳಿಯದಿಲ್ಲ ಹುಲಿಯಪ್ಪ. ಮನಸ್ಸು ಯಾವತ್ತೋ ಬಂದೈತೆ, ಗಂಟಲು ಬಂದಿಲ್ಲ. ಮೊದಲ ಸಲ ನೀನು ಕೊಟ್ಟಿದ್ದನ್ನ ಹೊರಗೆ ಹೋಗಿ ಉಗುಳಿಬಿಟ್ಟೆ. ಕರ್ತನ್ನೇ ಉಗುಳಿದೆನಲ್ಲ ಅಂತ ಮನೆಗೆ ಬಂದು ಗೋಳಾಡಿದೆ. ನಂಗೆ ಗೊತ್ತಿದ್ದ ದಾರಿ ಒಂದೇ. ಲಿಂಗ ನೋಡದು ಕಲಿಸುವಾಗ ನಮ್ಮಜ್ಜಿ ಹೇಳಿದ್ಲು, ಕಲ್ಲು ಅನ್ನದು ಹೋಗವರೆಗೂ ನೋಡು ಅಂತ. ಹಂಗೇ ನೋಡ್ತೀನಿ. ಕೊಟ್ಟೋನು ಯಾರು ಅನ್ನದು ಹೋಗವರೆಗೂ ನೋಡ್ತೀನಿ. ಬಲಗೈಯಲ್ಲಿ ಅದು ಬರೀ ರೊಟ್ಟಿ ಕಣಪ್ಪ, ನಿನ್ನ ಬೆರಳೇ ಕಾಣ್ತವೆ. ಎಡಗೈಯಲ್ಲಿಟ್ರೆ ಒಂದೊಂದು ಸಲ ಕರ್ತ ಅಷ್ಟೇ ಉಳೀತಾನೆ. ಆಗ ಗಬಕ್ಕನೆ ನುಂಗ್ತೀನಿ.”

ಹುಲಿಯಪ್ಪನಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಸೊಕ್ಕು ಅಂದುಕೊಂಡಿದ್ದ; ಸೊಕ್ಕಾಗಿದ್ದರೆ ಎಷ್ಟೋ ವಾಸಿಯಿತ್ತು. ಲೋಕದಲ್ಲಿ ತನಗಿದ್ದ ಆ ಒಂದೇ ಜಾಗದಲ್ಲೂ ಈಕೆ ತನ್ನೆದುರೇ ಮೊಣಕಾಲೂರಿ ಹೇಸಿಕೊಂಡಿದ್ದಳು.

“ಇದನ್ನ ನನಗ್ಯಾಕ ಹೇಳಿದ್ರಿ?”

“ಪಾದ್ರಿ ಹೊಗಳಿದ್ರು ಅಂತ ಸುಮ್ನಿರಬೌದಿತ್ತು. ಆದ್ರೆ ಕೈಗೆ ಇಡೋನು ನೀನು. ನಿಂಗೆ ಹೆಂಗೆ ಸುಳ್ಳು ಹೇಳಲಿ?”

ಅವನು ಹೋಗಿಬರುತ್ತೇನೆಂದೂ ಹೇಳದೆ ಅಂಗಳ ದಾಟಿದ.

ಮುಂದಿನ ಭೋಜನದ ದಿನ ಹುಲಿಯಪ್ಪನ ಮುಖ ನೋಡಿದ ಪಾದ್ರಿಗಳು ಎಡಗೈ ಸುದ್ದಿಯನ್ನೇ ಎತ್ತಲಿಲ್ಲ. ತಟ್ಟೆಯನ್ನು ಅವನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದರು. ಸಾಲಿನುದ್ದಕ್ಕೂ ಇಡುತ್ತ ಬಂದ ಹುಲಿಯಪ್ಪ ಹಾಲಮ್ಮನ ಮುಂದೆ ನಿಂತ. ಎಡಗೈ ಚಾಚಿಯೇ ಇತ್ತು. ಇಡಲಾರೆ ಎಂದವನು ಇಟ್ಟ, ಅಂಗೈಗೆ ಬೆರಳು ಒತ್ತುವಂತೆ ಬೇಕೆಂದೇ ಅದುಮಿ ಇಟ್ಟ. ಅವಳ ಕಣ್ಣು ಎಂದಿನಂತೆ ರೊಟ್ಟಿಯ ಮೇಲೆ ನೆಟ್ಟಿತು.

“ಅದನ್ನ ನೋಡಬ್ಯಾಡ್ರಿ” ಅಂದ, ಸಭೆಗೆಲ್ಲ ಕೇಳುವ ಹಾಗೆ. “ಕೊಟ್ಟೋನು ಯಾರು ಅನ್ನಾದು ಹೋಗಬಾರ್ದು. ನನ್ನನ್ನ ಅಳಿಸಿ ಕರ್ತನ್ನ ನೋಡೀರೇನು? ನನ್ನ ಮಾರಿ ನೋಡಿ ನುಂಗ್ರಿ. ನಾ ಇಲ್ಲೇ ನಿಂತಿರ್ತೀನಿ.”

ಪಾದ್ರಿಗಳು ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತರು. ಹಾಲಮ್ಮ ತಲೆಯೆತ್ತಿದಳು. ಅಂಗೈಯನ್ನು ನೋಡುತ್ತಿದ್ದ ಹಾಗೆಯೇ, ರೆಪ್ಪೆ ಹೊಡೆಯದೆ, ಅವನ ಮುಖ ನೋಡತೊಡಗಿದಳು. ಅವಳ ಹಣೆಯಲ್ಲಿ ಬೆವರೊಡೆಯಿತು. ತುಂಡನ್ನು ಬಾಯಿಗಿಟ್ಟಳು. ಕತ್ತಿನ ನರ ಎದ್ದಿತು, ಒಮ್ಮೆ ಓಕರಿಕೆ ಬಂದಂತಾಯಿತು, ಆದರೂ ಸೆರಗು ಬಾಯಿಗೆ ಹೋಗಲಿಲ್ಲ. ಕೊನೆಗೆ ಇಳಿಯಿತು. ಅಷ್ಟು ಹೊತ್ತೂ ಅವಳು ಅವನ ಮುಖದಿಂದ ಕಣ್ಣು ಕೀಳಲಿಲ್ಲ.

ಗೆದ್ದೆ ಅನಿಸಬೇಕಿತ್ತು ಹುಲಿಯಪ್ಪನಿಗೆ. ಉಳಿದವರಿಗೆಲ್ಲ ಹಂಚಿ ಮುಗಿಸಿ, ವಾಡಿಕೆಯಂತೆ ಕೊನೆಯ ತುಂಡನ್ನು ತನ್ನ ಬಾಯಿಗೆ ಹಾಕಿಕೊಂಡ. ಅದು ನಾಲಿಗೆಯ ಮೇಲೆಯೇ ಕೂತಿತು. ಎದೆಯ ತುಂಬ ದ್ವೇಷ ಇಟ್ಟುಕೊಂಡು ಇದನ್ನು ತಿನ್ನಬೇಡಿ ಎಂದು ಎಷ್ಟು ಜನಕ್ಕೆ ಅವನೇ ಬುದ್ಧಿ ಹೇಳಿರಲಿಲ್ಲ! ಆ ಮುದುಕಿಯನ್ನು ಕ್ಷಮಿಸಲು ಅವನಿಗೆ ಮನಸ್ಸಿರಲಿಲ್ಲ, ಈಗಲೂ ಇಲ್ಲ. ಅಗಿದ, ಮತ್ತೆ ಅಗಿದ, ಗಂಟಲು ಬಾಗಿಲು ಹಾಕಿಕೊಂಡಿತ್ತು. ಸಭೆಯೆಲ್ಲ ಅವನನ್ನೇ ನೋಡುತ್ತಿತ್ತು.

ಹಾಲಮ್ಮ ಇನ್ನೂ ಮೊಣಕಾಲ ಮೇಲೆಯೇ ಇದ್ದಳು.

“ನಿಧಾನ ಮಾಡು ಹುಲಿಯಪ್ಪ” ಅಂದಳು. “ನಾ ಕಾಯ್ತೀನಿ.”